ನೀರಿನ ಅಭಾವ ಮತ್ತು ವಿದ್ಯಾರ್ಥಿನಿಲಯಗಳ ಆರೋಗ್ಯ

ಮಳೆ ಕೈಕೊಟ್ಟ ವರ್ಷ ಬರದ ಬಿಸಿ ಮೊದಲು ಹೊಲಕ್ಕೆ ತಟ್ಟುತ್ತದೆ. ಬೇಸಿಗೆಯ ಹೊತ್ತಿಗೆ ಅದು ಕಾಲೇಜು ವಿದ್ಯಾರ್ಥಿನಿಲಯದ ನಲ್ಲಿಯವರೆಗೂ ಬರುತ್ತದೆ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನಂಥ ಮಹಾನಗರದಲ್ಲಿಯೂ ಜನರು ಟ್ಯಾಂಕರ್ ನೀರಿಗಾಗಿ ಕಾಯಬೇಕಾಯಿತು. ಬೇಸಿಗೆಯೇ ಪರೀಕ್ಷೆಯ ಕಾಲವೂ ಹೌದು. ನೂರಾರು ಮಕ್ಕಳು ಒಂದೇ ಸೂರಿನಡಿ ವಾಸಿಸುವಲ್ಲಿ ನೀರನ್ನು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬ ವಿವೇಕ ಅತ್ಯಗತ್ಯ.

ತಡೆಯಬಾರದ ವೇಗಗಳು

ನೀರು ಕಡಿಮೆಯಾದೊಡನೆ ವಿದ್ಯಾರ್ಥಿಗಳು ಮಾಡುವ ಮೊದಲ ಉಳಿತಾಯ ಕುಡಿಯುವ ನೀರಿನದು. ಶೌಚಾಲಯದಲ್ಲಿ ನೀರಿಲ್ಲ, ಆದ್ದರಿಂದ ಅಲ್ಲಿಗೆ ಹೋಗುವ ಪ್ರಸಂಗವೇ ಬೇಡವೆಂದು ಬಾಯಾರಿಕೆಯನ್ನು ಸಹಿಸುತ್ತಾರೆ, ಮೂತ್ರವನ್ನು ತಡೆಯುತ್ತಾರೆ. ಹೆಣ್ಣುಮಕ್ಕಳಲ್ಲಿ ಈ ಅಭ್ಯಾಸ ಇನ್ನೂ ಹೆಚ್ಚು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಯಬಾರದ ಹದಿಮೂರು ವೇಗಗಳನ್ನು ಹೇಳಿದೆ. ಅವುಗಳಲ್ಲಿ ಮೂತ್ರವೂ ಉಂಟು, ಬಾಯಾರಿಕೆಯೂ ಉಂಟು. ಮೂತ್ರವೇಗವನ್ನು ತಡೆದರೆ ಕಿಬ್ಬೊಟ್ಟೆಯ ನೋವು, ಮೂತ್ರಕೃಚ್ಛ್ರ, ತಲೆನೋವು ಉಂಟಾಗುತ್ತವೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಉರಿಮೂತ್ರ ಹಾಗೂ ಮೂತ್ರಪಿಂಡದ ಕಲ್ಲಿಗೆ ನೀರಿನ ಕೊರತೆ ದಾರಿಯಾಗುವುದನ್ನು ಇಂದಿನ ವೈದ್ಯವಿಜ್ಞಾನವೂ ಒಪ್ಪುತ್ತದೆ. ದೇಹದ ತೂಕದ ಶೇಕಡಾ ಎರಡರಷ್ಟು ನೀರು ನಷ್ಟವಾದರೂ ಏಕಾಗ್ರತೆ ಕುಗ್ಗಬಹುದು. ಓದಿದ್ದು ತಲೆಗೆ ಹತ್ತುತ್ತಿಲ್ಲವೆಂದು ಕೊರಗುವ ವಿದ್ಯಾರ್ಥಿಗೆ ಕೆಲವೊಮ್ಮೆ ಬೇಕಾದದ್ದು ಎರಡು ಲೋಟ ನೀರು.

ಋತುಸ್ರಾವದ ದಿನಗಳಲ್ಲಿ ಸ್ವಚ್ಛತೆಗೆ ನೀರಿಲ್ಲವೆಂದು ಪ್ಯಾಡನ್ನು ದಿನವಿಡೀ ಬದಲಿಸದಿರುವುದೂ ಅಪಾಯಕರ. ನಾಲ್ಕರಿಂದ ಆರು ಗಂಟೆಗೊಮ್ಮೆ ಅದನ್ನು ಬದಲಿಸಬೇಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಪ್ರತ್ಯೇಕವಾಗಿ ನೀರು ಕಾದಿರಿಸುವುದು ಆಡಳಿತದವರ ಹೊಣೆ. ಅದನ್ನು ಮಕ್ಕಳು ಬಾಯಿಬಿಟ್ಟು ಕೇಳುವಂತಾಗಬಾರದು.

ಬಂದ ನೀರೆಲ್ಲ ಕುಡಿಯುವ ನೀರಲ್ಲ

ವಾಯು, ಜಲ, ದೇಶ, ಕಾಲ ಇವು ಕೆಟ್ಟಾಗ ರೋಗವು ಇಡೀ ಜನಪದವನ್ನೇ ಹಿಡಿಯುತ್ತದೆಂದು ಚರಕರು ವಿಮಾನಸ್ಥಾನದಲ್ಲಿ ವಿವರಿಸಿದ್ದಾರೆ. ವಿದ್ಯಾರ್ಥಿನಿಲಯವೂ ಒಂದು ಪುಟ್ಟ ಜನಪದವೇ. ಒಂದು ತೊಟ್ಟಿಯ ನೀರು ಕೆಟ್ಟರೆ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ಕೊಠಡಿಯಿಂದ ಕೊಠಡಿಗೆ ಹಬ್ಬುತ್ತವೆ. ಟ್ಯಾಂಕರ್ ನೀರಿನ ಮೂಲವನ್ನು ವಿಚಾರಿಸಬೇಕು. ಸಾವಿರ ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿ ಬೆರೆಸಿ ಒಂದು ಗಂಟೆ ಬಿಡಬೇಕು. ಕುಡಿಯುವ ನೀರನ್ನು ಕೊತಕೊತನೆ ಒಂದು ನಿಮಿಷವಾದರೂ ಕುದಿಸಬೇಕು.

ಆದರೆ ಕುದಿಸುವುದೇ ಎಲ್ಲಕ್ಕೂ ಪರಿಹಾರವಲ್ಲ. ಬರಗಾಲದಲ್ಲಿ ಕೊಳವೆಬಾವಿಗಳನ್ನು ಆಳಕ್ಕೆ ಕೊರೆದಂತೆ ಕೆಲವೆಡೆ ಫ್ಲೋರೈಡ್ ಹೆಚ್ಚಿದ ನೀರು ಸಿಗುತ್ತದೆ. ಪಾವಗಡ, ಕೋಲಾರ, ಚಿತ್ರದುರ್ಗ, ರಾಯಚೂರು ಮೊದಲಾದ ಕಡೆ ಈ ತೊಂದರೆ ಹಳೆಯದು. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ಆದ್ದರಿಂದ ಹೊಸ ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ಕುಡಿಯಲು ಕೊಡಬಾರದು.

ಬರದಲ್ಲಿಯೂ ಡೆಂಗೀ

ಮಳೆಯಿಲ್ಲದಿದ್ದರೆ ಸೊಳ್ಳೆಯಿಲ್ಲವೆಂಬುದು ಭ್ರಮೆ. ಡೆಂಗೀ ಹರಡುವ ಈಡಿಸ್ ಸೊಳ್ಳೆಯು ನಾವು ಶೇಖರಿಸಿಟ್ಟ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಕೊಠಡಿಯ ಬಕೆಟ್ಟು, ಡ್ರಮ್ಮು, ತೊಟ್ಟಿಗಳಿಗೆ ಬಿಗಿಯಾದ ಮುಚ್ಚಳವಿರಲಿ. ವಾರಕ್ಕೊಮ್ಮೆ ಅವುಗಳ ನೀರನ್ನು ಬಳಸಿ ಮುಗಿಸಿ, ಒಳಭಾಗವನ್ನು ಉಜ್ಜಿ ತೊಳೆಯಬೇಕು.

ಎಲ್ಲಿ ಉಳಿಸಬೇಕು?

ವಿದ್ಯಾರ್ಥಿನಿಲಯದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಭಾರತೀಯ ಮಾನಕ. ಬರದಲ್ಲಿ ಅಷ್ಟು ದೊರೆಯದು. ಆಗ ಕುಡಿಯಲು, ಅಡುಗೆಗೆ, ಕೈತೊಳೆಯಲು, ಶೌಚಕ್ಕೆ ಮೊದಲು ನೀರನ್ನು ತೆಗೆದಿರಿಸಿ, ಉಳಿದುದರಲ್ಲಿ ಮಿತವ್ಯಯ ಮಾಡಬೇಕು. ಶವರ್ ಬಿಟ್ಟು ಒಂದು ಬಕೆಟ್ಟಿನ ಸ್ನಾನ ಸಾಕು. ನೀರು ಶುದ್ಧೀಕರಣ ಯಂತ್ರವು ಹೊರಬಿಡುವ ನೀರು, ಬಟ್ಟೆ ಜಾಲಿಸಿದ ನೀರು ಶೌಚಾಲಯಕ್ಕೆ ಹಾಗೂ ನೆಲ ಒರೆಸಲು ಆಗುತ್ತದೆ. ಸೋರುವ ನಲ್ಲಿಯನ್ನು ಅಂದೇ ದುರಸ್ತಿಗೊಳಿಸಬೇಕು.

ಆಹಾರ, ಪಾನೀಯ

ಕುದಿಸಿ ಆರಿಸಿದ ನೀರನ್ನು ಮಣ್ಣಿನ ಗಡಿಗೆಯಲ್ಲಿ ಲಾವಂಚದ ಬೇರಿನೊಡನೆ ಇರಿಸಿ ಕುಡಿಯುವುದು ಹಿತಕರ. ಒಂದು ಚಮಚ ಕೊತ್ತಂಬರಿ ಬೀಜವನ್ನು ಜಜ್ಜಿ ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, ಕಲ್ಲುಸಕ್ಕರೆ ಬೆರೆಸಿ ಕುಡಿದರೆ ದಾಹವೂ ಉರಿಯೂ ಶಮನವಾಗುತ್ತವೆ. ಮಜ್ಜಿಗೆ, ರಾಗಿ ಅಥವಾ ಜೋಳದ ಅಂಬಲಿ ಪ್ರಸಾದದಲ್ಲಿರಲಿ. ಕರಿದ ಪದಾರ್ಥ, ಅತಿಖಾರ, ರಾತ್ರಿಯ ಓದಿಗೆಂದು ಪದೇ ಪದೇ ಚಹಾ-ಕಾಫಿ ಬೇಡ. ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಆಗಾಗ ಕುಡಿಸಬೇಕು. ಮೂತ್ರದಲ್ಲಿ ರಕ್ತ, ಚಳಿಜ್ವರದೊಡನೆ ಸೊಂಟನೋವು, ನಿಲ್ಲದ ವಾಂತಿ, ಆರೇಳು ಗಂಟೆ ಮೂತ್ರವಾಗದಿರುವುದು ಕಂಡುಬಂದರೆ ಮನೆಮದ್ದಿಗೆ ನಿಲ್ಲದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಷ್ಟಾವರಣಗಳಲ್ಲಿ ಪಾದೋದಕಕ್ಕೂ ಸ್ಥಾನವಿತ್ತ ಪರಂಪರೆ ನಮ್ಮದು. ಇರುವ ನೀರನ್ನು ಹಂಚಿಕೊಂಡು ಬಳಸುವುದೂ ದಾಸೋಹವೇ. ಆದರೆ ಬಾಯಾರಿದ ಮಗುವಿನ ಲೋಟದಿಂದ ಉಳಿಸಿದ ನೀರು ಉಳಿತಾಯವಲ್ಲ. ಅದು ರೋಗಕ್ಕೆ ಕೊಟ್ಟ ಮುಂಗಡ. ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು, ಪಾಲಕರು ಇದನ್ನು ಗಮನಿಸಲೆಂದು ನಾವು ಆಶಿಸುತ್ತೇವೆ.