ಬಯಸಿದರಷ್ಟೇ ಸಾಲದು

ಆಳಂದ, ಅಫಜಲಪುರ, ಜೇವರ್ಗಿಯ ತಮ್ಮ-ತಂಗಿಯರೇ, 'ಗಟ್ಟಿಯಾಗಿ ಅಂದುಕೊಂಡರೆ ಸಾಕು, ಬ್ರಹ್ಮಾಂಡವೇ ತಂದುಕೊಡುತ್ತದೆ' ಎನ್ನುವ ವಿಡಿಯೊ ಈಗ ಎಲ್ಲರ ಮೊಬೈಲಿನಲ್ಲೂ ಇದೆ. 2006ರಲ್ಲಿ ರೋಂಡಾ ಬರ್ನ್ ಅವರ 'ದಿ ಸೀಕ್ರೆಟ್' ಬಂದ ಮೇಲಂತೂ ಈ ನಂಬಿಕೆ ಲೋಕವೆಲ್ಲ ಹಬ್ಬಿತು. ದಯವಿಟ್ಟು ಇದನ್ನು ಕಲಿಸುವ ಶಿಬಿರಗಳಿಗೆ ದುಡ್ಡು ಸುರಿಯಬೇಡಿ.

2022ರಲ್ಲಿ ನಮ್ಮ ಜಿಲ್ಲೆಯ ತೊಗರಿ ನೆಟೆ ರೋಗಕ್ಕೆ ಸಿಕ್ಕಿ, ಹೂ-ಕಾಯಿಯ ಹೊತ್ತಿನಲ್ಲೇ ನಿಂತಲ್ಲೇ ಒಣಗಿತು. ಕಾಂಡ ಸೀಳಿ ನೋಡಿದವರಿಗೆ ಒಳಗಿನ ಕಪ್ಪು ಗೆರೆ ಗೊತ್ತು. ಆ ರೈತರು ಒಳ್ಳೆಯ ಬೆಳೆ ಬಯಸಿರಲಿಲ್ಲವೇ? ಮಣ್ಣಿನಲ್ಲಿದ್ದ ಶಿಲೀಂಧ್ರ ಯಾರ ಬಯಕೆಯನ್ನೂ ಕೇಳಲಿಲ್ಲ. ಅದನ್ನು ಹತ್ತಿಕ್ಕಲು ಬೇಕಾದದ್ದು ಟ್ರೈಕೊಡರ್ಮಾದ ಬೀಜೋಪಚಾರ, ಬೆಳೆ ಬದಲಾವಣೆ, ಜಿಆರ್‌ಜಿ-811ರಂಥ ರೋಗ ತಡೆಯುವ ತಳಿ. ಇಂಥ ರೈತನಿಗೆ 'ನಿನ್ನ ಯೋಚನೆಯೇ ಸರಿಯಿರಲಿಲ್ಲ' ಎನ್ನುವುದು ಉಪದೇಶವಲ್ಲ, ಕ್ರೌರ್ಯ.

ನೌಕರಿಯ ವಿಷಯದಲ್ಲೂ ಅಷ್ಟೇ. ಗೇಬ್ರಿಯೆಲ್ ಓಟಿಂಗನ್ ಎಂಬ ಮನೋವಿಜ್ಞಾನಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೌಕರಿಯ ಸಿಹಿಗನಸಿನಲ್ಲೇ ತೇಲುತ್ತಿದ್ದ ಪದವೀಧರರು ಹಾಕಿದ ಅರ್ಜಿಯೂ ಕಡಿಮೆ, ಅವರಿಗೆ ಸಿಕ್ಕ ಸಂಬಳವೂ ಕಡಿಮೆ. ಆಸೆ ಇರಲಿ, ಯಾರು ಬೇಡವೆಂದರು? ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವವರು ಆ ಶಿಬಿರದ ಶುಲ್ಕದ ದುಡ್ಡಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ತನ್ನಿ, ತಪ್ಪಾದ ಉತ್ತರಗಳನ್ನು ಗೆಳೆಯರೊಡನೆ ಕೂತು ತಿದ್ದಿಕೊಳ್ಳಿ.