ಗರಿ, ನೂಲು, ಗಾಳ: ಮೊದಲ ಫ್ಲೈ ಕಟ್ಟುವುದು ಹೀಗೆ

ಮಾಮೂಲಿ ಗಾಳಕ್ಕೆ ಎರೆಹುಳುವನ್ನೋ ರಾಗಿಮುದ್ದೆಯ ಉಂಡೆಯನ್ನೋ ಸಿಕ್ಕಿಸಿ, ಸೀಸದ ಗುಂಡಿನ ಭಾರದಿಂದ ದೂರಕ್ಕೆ ಎಸೆಯುತ್ತೇವೆ. ಫ್ಲೈ ಫಿಶಿಂಗ್‌ನಲ್ಲಿ ಈ ಲೆಕ್ಕ ತಿರುಗುಮುರುಗು. ಅಲ್ಲಿ ಭಾರವಿರುವುದು ದಪ್ಪ ದಾರಕ್ಕೆ. ಬೀಸಿದ ದಾರವೇ ತುದಿಯ ಗಾಳವನ್ನು ಹೊತ್ತೊಯ್ಯುತ್ತದೆ. ಹಾಗಾಗಿ ಗಾಳದ ಮೇಲಿನ ಎರೆ ಗರಿಯಷ್ಟು ಹಗುರ ಇದ್ದರೂ ನಡೆಯುತ್ತದೆ. ಗರಿ, ಕೂದಲು, ನೂಲು ಕಟ್ಟಿ ಹುಳುವಿನಂತೆಯೋ ಮೀನುಮರಿಯಂತೆಯೋ ಕಾಣುವ ಹಾಗೆ ಮಾಡಿದ ಈ ಕೃತಕ ಎರೆಗೆ ಫ್ಲೈ ಎನ್ನುತ್ತಾರೆ. ಮ್ಯಾಸಿಡೋನಿಯದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ ಹುಂಜದ ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ರೋಮಿನ ಲೇಖಕ ಈಲಿಯನ್ ಸುಮಾರು 1,800 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಉಣ್ಣೆ, ಹುಂಜದ ಗರಿ ಇಂದಿಗೂ ಫ್ಲೈ ಕಟ್ಟುವವರ ಮೇಜಿನ ಮೇಲಿವೆ.

ಕಟ್ಟಿದ ಫ್ಲೈಗಳು ಅಂಗಡಿಯಲ್ಲೂ ಸಿಗುತ್ತವೆ. ಆದರೂ ಕೈಯಾರೆ ಕಟ್ಟಿಕೊಳ್ಳುವುದೇ ಮೇಲು. ಎಲ್ಲಿ ಎಷ್ಟು ಭಾರ ಸುತ್ತಿದ್ದೇವೆ, ಬಾಲ ಎಷ್ಟು ಉದ್ದ ಬಿಟ್ಟಿದ್ದೇವೆ ಎಂಬುದು ಗೊತ್ತಿದ್ದರೆ ಆ ಫ್ಲೈ ನೀರಿನಲ್ಲಿ ಹೇಗೆ ಇಳಿಯುತ್ತದೆ, ಹೇಗೆ ಆಡುತ್ತದೆ ಎಂಬುದೂ ಗೊತ್ತಾಗುತ್ತದೆ. ಕಲಿಯುವವರಿಗೆ ನನ್ನ ಸಲಹೆ ಒಂದೇ: ಸಾಮಾನು ಕಡಿಮೆ ಕೊಳ್ಳಿ, ಒಂದೇ ಮಾದರಿಯನ್ನು ಮತ್ತೆ ಮತ್ತೆ ಕಟ್ಟಿ. ಹತ್ತು ಬಗೆಯ ಫ್ಲೈಗಳನ್ನು ಒಂದೊಂದು ಸಲ ಕಟ್ಟಿದವರಿಗಿಂತ ಒಂದೇ ಫ್ಲೈಯನ್ನು ಹತ್ತು ಸಲ ಕಟ್ಟಿದವರ ಕೈ ಬೇಗ ಪಳಗುತ್ತದೆ.

ಆ ಒಂದು ಮಾದರಿ ವೂಲಿ ಬಗರ್ ಆಗಲಿ. ಅಮೆರಿಕದ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ 1967ರಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟರೆಂದು ಹೇಳುತ್ತಾರೆ. ನೀರಿಗೆ ಬಿದ್ದರೆ ಇದು ಜಿಗಣೆಯಂತೆಯೂ ಕಾಣುತ್ತದೆ, ಮೀನುಮರಿಯಂತೆಯೂ ಕಾಣುತ್ತದೆ. ಹಿಮಾಚಲ, ಕಾಶ್ಮೀರ, ನೀಲಗಿರಿಯ ಟ್ರೌಟ್ ಇದಕ್ಕೆ ಬಾಯಿ ಹಾಕುತ್ತದೆ, ನಮ್ಮ ಮಹಶೀರ್ ಕೂಡ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಊರ ಪಕ್ಕದ ಕೆರೆಯ ಬಾಸ್ ಮೀನಿಗೂ ಇದೇ ಸಾಕು.

ಮೂರು ಸಲಕರಣೆ ಸಾಕು

ಮೊದಲನೆಯದು ವೈಸ್, ಅಂದರೆ ಗಾಳವನ್ನು ಕಚ್ಚಿ ಹಿಡಿಯುವ ಪುಟ್ಟ ಇಕ್ಕಳದ ಕಂಬ. ದುಡ್ಡು ಹಾಕುವುದಾದರೆ ಇದಕ್ಕೇ ಹಾಕಿ. ಗಾಳ ಸಿಕ್ಕಿಸಿ ಬಿಗಿ ಮಾಡಿ, ಗಾಳದ ಕಣ್ಣನ್ನು ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿ ಬಿಡಿ. ತಂತಿಯಂತೆ ಚಿಮ್ಮಿ ಮೊದಲಿನ ಜಾಗಕ್ಕೇ ಬಂದರೆ ವೈಸ್ ಒಳ್ಳೆಯದು. ಗಾಳ ಜಾರಿ ಬಾಗಿಯೇ ಉಳಿದರೆ ಅದು ಎಷ್ಟು ಅಗ್ಗವಾದರೂ ಬೇಡ. ಎಲ್ಲ ಸೇರಿಸಿ ಡಬ್ಬಿಯಲ್ಲಿ ಮಾರುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಕೈಕೊಡುವುದು ಈ ವೈಸೇ.

ಎರಡನೆಯದು ಬಾಬಿನ್ ಹೋಲ್ಡರ್. ನೂಲಿನ ಉಂಡೆಯನ್ನು ಎರಡು ಕಾಲುಗಳ ನಡುವೆ ಹಿಡಿದು, ಸಣ್ಣ ಕೊಳವೆಯ ಮೂಲಕ ನೂಲು ಬಿಡುವ ಸಲಕರಣೆ ಇದು. ಕೈಬಿಟ್ಟಾಗ ಇದು ಗಾಳದಿಂದ ತೂಗುತ್ತಾ ತನ್ನ ಭಾರದಿಂದಲೇ ನೂಲನ್ನು ಬಿಗಿಯಾಗಿ ಇಡುತ್ತದೆ. ಕೊಳವೆಯ ಬಾಯಿ ನುಣುಪಾಗಿರಬೇಕು. ಒರಟಿದ್ದರೆ ನೂಲು ಸವೆದು, ಕೆಲಸ ಮುಗಿಯುವ ಹೊತ್ತಿಗೆ ಪಟ್ಟನೆ ತುಂಡಾಗುತ್ತದೆ. ಸೆರಾಮಿಕ್ ಬಾಯಿಯ ಬಾಬಿನ್ ಸಿಕ್ಕರೆ ಆ ತಾಪತ್ರಯ ಇಲ್ಲ. ಮೂರನೆಯದು ಚೂಪು ತುದಿಯ ಸಣ್ಣ ಕತ್ತರಿ. ಅದರಿಂದ ಲೋಹದ ತಂತಿ ಮಾತ್ರ ಕತ್ತರಿಸಬೇಡಿ, ಬಾಯಿ ಕೆಡುತ್ತದೆ.

ಉಳಿದವನ್ನು ಮನೆಯಲ್ಲೇ ಹೊಂದಿಸಿಕೊಳ್ಳಬಹುದು. ಕಾರ್ಕಿಗೆ ಚುಚ್ಚಿದ ದಪ್ಪ ಸೂಜಿಯೇ ಬಾಡ್ಕಿನ್, ಅಂದರೆ ಹಿಡಿಯಿರುವ ಸೂಜಿ, ಆಗುತ್ತದೆ. ಕೊನೆಯ ಗಂಟು ಹಾಕಲು ಖಾಲಿಯಾದ ಬಾಲ್‌ಪೆನ್ನಿನ ಕೊಳವೆ ಸಾಕು. ಫ್ಲೈಯ ತಲೆಗೆ ಹಚ್ಚುವ ಸಿಮೆಂಟಿನ ಬದಲು ಬಣ್ಣವಿಲ್ಲದ ನೇಲ್ ಪಾಲಿಶ್ ನಡೆಯುತ್ತದೆ. ಗರಿ ಹಿಡಿದು ಸುತ್ತುವ ಹ್ಯಾಕಲ್ ಇಕ್ಕಳವೊಂದನ್ನು ಮಾತ್ರ ಕೊಂಡುಕೊಳ್ಳಿ, ಬೆಲೆ ಹೆಚ್ಚೇನಿಲ್ಲ. ಮೇಜಿನ ದೀಪ, ಹಿನ್ನೆಲೆಗೆ ಒಂದು ಬಿಳಿ ಹಾಳೆ ಇದ್ದರೆ ಕಣ್ಣಿಗೆ ಆಯಾಸವಾಗುವುದಿಲ್ಲ.

ನಾಟಿ ಹುಂಜದ ಗರಿ

ವೂಲಿ ಬಗರ್‌ಗೆ ಬೇಕಾದ ಗರಿ ನಮ್ಮ ಊರಲ್ಲೇ ಇದೆ. ನಾಟಿ ಹುಂಜದ ಬೆನ್ನಿನ ಹಿಂಭಾಗದಿಂದ ಎರಡೂ ಪಕ್ಕಕ್ಕೆ ಇಳಿಬೀಳುವ ಉದ್ದನೆಯ, ಕಿರಿದಾದ, ಹೊಳೆಯುವ ಗರಿಗಳಿಗೆ ಸ್ಯಾಡಲ್ ಹ್ಯಾಕಲ್ ಎನ್ನುತ್ತಾರೆ. ಕೋಳಿ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಬಿಸಿನೀರಿಗೆ ಹಾಕುವ ಮುನ್ನವೇ ಕಿತ್ತುಕೊಡುತ್ತಾರೆ. ಬಿಸಿನೀರಿಗೆ ಬಿದ್ದ ಗರಿ ಹೊಳಪು ಕಳೆದುಕೊಳ್ಳುತ್ತದೆ. ಮನೆಗೆ ತಂದು ಶಾಂಪೂ ಬೆರೆಸಿದ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ನಂತರ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೆಲವು ದಿನ ಫ್ರೀಜರ್‌ನಲ್ಲಿಡಿ. ಗರಿಯಲ್ಲಿ ನುಸಿಯ ಮರಿಗಳಿದ್ದರೆ ಸಾಯುತ್ತವೆ. ಈ ಒಂದು ಹಂತ ಬಿಟ್ಟರೆ ಡಬ್ಬಿಯಲ್ಲಿ ಕೂಡಿಟ್ಟ ಗರಿಯೆಲ್ಲ ಪುಡಿಯಾಗಬಹುದು.

ಬಾಲಕ್ಕೆ ಬೇಕಾದ ಮರಾಬು ಹೊಗೆಯಷ್ಟು ಮೆತ್ತನೆಯದು. ಹಿಂದೆ ಮರಾಬು ಕೊಕ್ಕರೆಯಿಂದ ಬರುತ್ತಿದ್ದ ಈ ಪುಕ್ಕ ಈಗ ಟರ್ಕಿ ಕೋಳಿಯದು. ಸಿಗದಿದ್ದರೆ ನಾಟಿಕೋಳಿಯ ಹೊಟ್ಟೆಯ ಕೆಳಗಿನ ನಯವಾದ ಪುಕ್ಕ ಸಣ್ಣ ಗಾಳಕ್ಕೆ ಆಗುತ್ತದೆ. ಮೈಗೆ ಶೆನಿಲ್ ದಾರ ಬೇಕು, ಅದಿಲ್ಲದಿದ್ದರೆ ಸ್ವೆಟರ್ ಹೆಣೆಯುವ ಉಲನ್. ಹೊರಗೆ ಸುತ್ತಲು ಸಣ್ಣ ತಾಮ್ರದ ತಂತಿ, ಭಾರಕ್ಕೆ ಸ್ವಲ್ಪ ದಪ್ಪನೆಯದು, ಎರಡೂ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತವೆ. ಸೀಸದ ತಂತಿ ನೀರಿಗೂ ಹಕ್ಕಿಗಳಿಗೂ ವಿಷ, ಅದು ಬೇಡ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ತನ್ನ ಪ್ರಸಿದ್ಧ ಫೆಸೆಂಟ್ ಟೇಲ್ ಫ್ಲೈಗೆ ನೂಲನ್ನೇ ಬಳಸದೆ, ತಾಮ್ರದ ತಂತಿಯಿಂದಲೇ ಎಲ್ಲವನ್ನೂ ಕಟ್ಟಿದ್ದ.

ಕಟ್ಟುವ ನೂಲು 140 ಡೆನಿಯರ್‌ನದು, ಹಳೆಯ ಗುರುತಿನಲ್ಲಿ 6/0. ಗಾಳ ಉದ್ದ ಕಡ್ಡಿಯ ಸ್ಟ್ರೀಮರ್ ಗಾಳ, 8 ಅಥವಾ 10ನೇ ನಂಬರಿನದು. ನಂಬರ್ ಹೆಚ್ಚಿದಷ್ಟೂ ಗಾಳ ಸಣ್ಣದು ಎಂಬುದನ್ನು ಕೊಳ್ಳುವಾಗ ಮರೆಯಬೇಡಿ.

ಗರಿಯ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ದಕ್ಷಿಣ ಭಾರತದ, ನಮ್ಮ ಮಲೆನಾಡಿನ ಬೂದು ಕಾಡುಕೋಳಿಯ ಕೊರಳಿನ ಗರಿಗಳಲ್ಲಿ ಮೇಣದಂತೆ ಮಿನುಗುವ ಚುಕ್ಕೆಗಳಿವೆ. ಸ್ಕಾಟ್ಲೆಂಡಿನ ಸಾಮನ್ ಫ್ಲೈಗಳಿಗೆ ಮೀನಿನ ಕಣ್ಣಿನಂತೆ ಆ ಗರಿ ಸಿಕ್ಕಿಸಲೆಂದು ಒಂದು ಕಾಲದಲ್ಲಿ ಈ ಹಕ್ಕಿಯ ಚರ್ಮ ರಾಶಿರಾಶಿಯಾಗಿ ಹಡಗು ಹತ್ತಿತು. ಇಂದು ಕಾಡುಕೋಳಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಅದನ್ನು ಕೊಲ್ಲುವುದೂ ಗರಿ ಮಾರುವುದೂ ಅಪರಾಧ. ನವಿಲು ತಾನಾಗಿ ಉದುರಿಸಿದ ಬಾಲದ ಗರಿಯನ್ನು ದೇಶದೊಳಗೆ ಇಟ್ಟುಕೊಳ್ಳಬಹುದು, ಆದರೆ ಹೊರದೇಶಕ್ಕೆ ಒಯ್ಯುವಂತಿಲ್ಲ. ರಜೆಗೆ ಬಂದ ಬಂಧುಗಳ ಸೂಟ್‌ಕೇಸಿಗೆ ಹಾಕಿ ಕಳಿಸಬೇಡಿ. ಅಪರೂಪದ ಗರಿಯ ಹುಚ್ಚು ಎಲ್ಲಿಗೆ ಮುಟ್ಟಿಸುತ್ತದೆಂದರೆ, 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್‌ನ ವಸ್ತುಸಂಗ್ರಹಾಲಯದಿಂದ ಫ್ಲೈ ಕಟ್ಟುವ ಯುವಕನೊಬ್ಬ 299 ಹಕ್ಕಿಗಳ ಚರ್ಮ ಕದ್ದ. ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಸಂಗ್ರಹಿಸಿದ್ದ ಹಕ್ಕಿಗಳೂ ಅದರಲ್ಲಿದ್ದವು. ಕದ್ದ ಚರ್ಮಗಳಲ್ಲಿ ಹಲವು ಗುರುತುಚೀಟಿ ಕಳೆದುಕೊಂಡು ಸಂಶೋಧನೆಗೆ ಬಾರದ ಹಾಗಾದವು. ಮೀನಿಗೆ ಬೇಕಾದ್ದು ಚಲನೆ, ಅಪರೂಪದ ಗರಿಯಲ್ಲ. ನಾಟಿ ಹುಂಜದ ಗರಿಗೆ ಆ ಚಲನೆ ಧಾರಾಳವಾಗಿ ಇದೆ.

ಕಟ್ಟುವ ಕ್ರಮ

ಗಾಳದ ತುದಿಯ ಒಳಮುಳ್ಳನ್ನು ಮೊದಲು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಬಿಡುವ ಮೀನಿಗೆ ಗಾಯ ಕಡಿಮೆ, ನಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ. ಒತ್ತುವಾಗ ಗಾಳ ಮುರಿಯುವುದಿದ್ದರೆ ಈಗಲೇ ಮುರಿಯಲಿ. ನಂತರ ಬಾಗಿದ ಭಾಗವನ್ನು ವೈಸ್‌ಗೆ ಕೊಟ್ಟು, ನೇರ ಕಡ್ಡಿ ಮಟ್ಟಸವಾಗಿ, ಕಣ್ಣು ನಿಮ್ಮ ಬಲಕ್ಕೆ ಬರುವಂತೆ ಬಿಗಿ ಮಾಡಿ. ಎಡಗೈ ಬಳಸುವವರು ದಿಕ್ಕು ತಿರುಗಿಸಿಕೊಳ್ಳಿ.

ಕಣ್ಣಿನಿಂದ ಎರಡು ಕಣ್ಣಿನಗಲ ಹಿಂದೆ ನೂಲು ಶುರು ಮಾಡಿ. ಆ ಖಾಲಿ ಜಾಗ ತಲೆಗೆ ಮೀಸಲು. ನೂಲಿನ ತುದಿಯನ್ನು ಎಡಗೈಯಲ್ಲಿ ಹಿಡಿದು, ಬಾಬಿನನ್ನು ಗಾಳದ ಮೇಲಿನಿಂದ ಆಚೆಗೆ, ಕೆಳಗಿನಿಂದ ಈಚೆಗೆ ತರುತ್ತಾ ನೂಲಿನ ಮೇಲೇ ನೂಲು ಐದಾರು ಸುತ್ತು ಬರಲಿ. ಉಳಿದ ತುದಿ ಕತ್ತರಿಸಿ. ಬಾಬಿನಿನ ಬಾಯಿ ಗಾಳಕ್ಕೆ ಎರಡು ಮೂರು ಸೆಂಟಿಮೀಟರ್ ದೂರದಲ್ಲೇ ಇರಲಿ, ಉದ್ದ ಬಿಟ್ಟರೆ ಹಿಡಿತ ತಪ್ಪುತ್ತದೆ. ಬಾಗು ಶುರುವಾಗುವವರೆಗೆ ಒತ್ತೊತ್ತಾಗಿ ಸುತ್ತಿಕೊಂಡು ಹೋಗಿ. ಬರೀ ಲೋಹದ ಮೇಲೆ ಯಾವ ಗರಿಯೂ ನಿಲ್ಲುವುದಿಲ್ಲ, ಈ ನೂಲಿನ ಹಾಸೇ ಎಲ್ಲಕ್ಕೂ ಹಿಡಿತ. ಬಳಿಕ ಕಡ್ಡಿಯ ಮುಂದಿನ ಅರ್ಧಕ್ಕೆ ದಪ್ಪ ತಂತಿ ಹತ್ತು ಸುತ್ತು ಸುತ್ತಿ, ಅದರ ಮೇಲೆ ನೂಲು ಅಡ್ಡಾದಿಡ್ಡಿ ಓಡಿಸಿ. ಮತ್ತೆ ನೂಲನ್ನು ಬಾಗಿನ ಬಳಿಗೆ ತನ್ನಿ.

ಈಗ ಬಾಲ. ಇಲ್ಲಿ ಆತುರ ಬೇಡ, ಇಡೀ ಫ್ಲೈಯ ಚೆಲುವು ಇದರಲ್ಲಿದೆ. ಮರಾಬು ಪುಕ್ಕವನ್ನು ಒದ್ದೆ ಬೆರಳಲ್ಲಿ ಸವರಿದರೆ ಎಳೆಗಳು ಒಟ್ಟಾಗುತ್ತವೆ. ತುದಿಗಳು ಗಾಳದ ಹಿಂದಕ್ಕೆ, ಕಡ್ಡಿಯಷ್ಟೇ ಉದ್ದ ಬರುವಂತೆ ಅಳೆದು ಕಡ್ಡಿಯ ಮೇಲಿಡಿ. ಮಲ್ಲಿಗೆ ಮಾಲೆ ಕಟ್ಟುವವರು ತೊಟ್ಟುಗಳನ್ನು ಎಡಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ಹಿಡಿಯುವ ಹಾಗೆ ಪುಕ್ಕವನ್ನೂ ಗಾಳವನ್ನೂ ಒಟ್ಟಿಗೆ ಹಿಡಿಯಿರಿ. ನೂಲನ್ನು ಆ ಬೆರಳುಗಳ ಸಂದಿಗೆ ಸಡಿಲವಾಗಿ ಮೇಲೆತ್ತಿ, ಆಚೆ ಬದಿಗೆ ಇಳಿಸಿ, ಬೆರಳು ಬಿಡದೆ ನೇರ ಕೆಳಕ್ಕೆ ಎಳೆಯಿರಿ. ಇದನ್ನು ಪಿಂಚ್ ರ‍್ಯಾಪ್ ಎನ್ನುತ್ತಾರೆ. ಬೆರಳು ಬೇಗ ಬಿಟ್ಟರೆ ನೂಲು ಪುಕ್ಕವನ್ನು ಗಾಳದ ಪಕ್ಕಕ್ಕೆ ಉರುಳಿಸುತ್ತದೆ. ಹೀಗೆ ಮೂರು ಸುತ್ತು ಬಂದ ಮೇಲೆ ಉಳಿದ ಬುಡವನ್ನು ಭಾರದ ತಂತಿಯವರೆಗೂ ಕಡ್ಡಿಯ ಮೇಲೆ ಮಲಗಿಸಿ ಕಟ್ಟಿ. ಆಗ ಮೈ ಗುಡ್ಡ-ಹಳ್ಳ ಇಲ್ಲದೆ ಒಂದೇ ಸಮ ಬರುತ್ತದೆ. ಬಾಲ ಉದ್ದವಾಯಿತೆನಿಸಿದರೆ ಕತ್ತರಿ ಹಾಕಬೇಡಿ, ಉಗುರಿನಿಂದ ಚಿವುಟಿ. ಕತ್ತರಿಸಿದ ತುದಿ ಮೊಂಡಾಗಿ ಕಾಣುತ್ತದೆ.

ಬಾಲದ ಬುಡದಲ್ಲೇ ಮೂರು ವಸ್ತು ಕಟ್ಟಬೇಕು. ಮೊದಲು ಸಣ್ಣ ತಾಮ್ರದ ತಂತಿ. ಆಮೇಲೆ ಹುಂಜದ ಗರಿ, ತುದಿಯ ಕಡೆಯಿಂದ. ಗರಿಯ ಎಳೆಗಳು ಗಾಳದ ಬಾಯಗಲದ ಒಂದೂವರೆಯಷ್ಟು ಉದ್ದ ಇರಲಿ. ಕೊನೆಗೆ ಶೆನಿಲ್. ಶೆನಿಲ್‌ನ ತುದಿಯ ರೋಮವನ್ನು ಉಗುರಿನಿಂದ ಕೆರೆದು ತೆಗೆದರೆ ಒಳಗಿನ ನೂಲು ಕಾಣುತ್ತದೆ, ಆ ನೂಲನ್ನಷ್ಟೇ ಕಟ್ಟಿದರೆ ಉಬ್ಬು ಏಳುವುದಿಲ್ಲ. ಕಟ್ಟುವ ನೂಲನ್ನು ಮುಂದಕ್ಕೆ ತನ್ನಿ. ಶೆನಿಲನ್ನು ಸುತ್ತಿಕೊಂಡು ಬಂದು, ಕಣ್ಣಿಗೆ ಎರಡು ಕಣ್ಣಿನಗಲ ಇರುವಾಗಲೇ ನಿಲ್ಲಿಸಿ, ಕಟ್ಟಿ, ಕತ್ತರಿಸಿ.

ಗರಿಯ ಬುಡವನ್ನು ಇಕ್ಕಳದಲ್ಲಿ ಹಿಡಿದು, ಹೊಳೆಯುವ ಮುಖ ಮುಂದಕ್ಕಿರುವಂತೆ ಐದಾರು ಸುತ್ತಿನಲ್ಲಿ ಮುಂದೆ ತನ್ನಿ. ಎಳೆಗಳು ಹಿಂದಕ್ಕೆ ಬಾಗಿ ನಿಲ್ಲುತ್ತವೆ. ತಾಮ್ರದ ತಂತಿಯನ್ನು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಅಲುಗಾಡಿಸುತ್ತಾ ಎಳೆಗಳ ನಡುವೆ ನುಸುಳಿಸಿ ಸುತ್ತಿ. ಮೀನಿನ ಹಲ್ಲು ಗರಿಯ ದಂಟನ್ನು ಕತ್ತರಿಸಿದರೂ ತಂತಿ ಹಿಡಿದುಕೊಂಡಿರುತ್ತದೆ. ಮಿಕ್ಕ ತಂತಿಯನ್ನು ಹಿಂದೆ ಮುಂದೆ ಆಡಿಸಿದರೆ ತಾನೇ ಮುರಿಯುತ್ತದೆ. ಮುಂದೆ ಬಂದ ಎಳೆಗಳನ್ನು ಹಿಂದಕ್ಕೆ ಸವರಿ, ನೂಲಿನಿಂದ ಸಣ್ಣ ತಲೆ ಮಾಡಿ. ಪೆನ್ನಿನ ಕೊಳವೆಗೆ ನೂಲಿನ ಒಂದು ಕುಣಿಕೆ ಹಾಕಿ, ಕೊಳವೆಯ ಬಾಯನ್ನು ಗಾಳದ ಕಣ್ಣಿಗೆ ತಾಗಿಸಿ, ಕುಣಿಕೆಯನ್ನು ತಲೆಯ ಮೇಲೆ ಜಾರಿಸಿ ಬಿಗಿಯಿರಿ. ನಾಲ್ಕು ಸಲ ಹೀಗೆ ಮಾಡಿ ನೂಲು ಕತ್ತರಿಸಿ, ಸೂಜಿಯ ತುದಿಯಲ್ಲಿ ಒಂದು ಹನಿ ನೇಲ್ ಪಾಲಿಶ್ ಮುಟ್ಟಿಸಿ. ಕಣ್ಣಿನೊಳಗೆ ಪಾಲಿಶ್ ಇಳಿದಿದ್ದರೆ ಒಣಗುವ ಮುನ್ನ ಒಂದು ಗರಿಯ ದಂಟು ತೂರಿಸಿ ತೆಗೆಯಿರಿ.

ತಪ್ಪುವುದು ಎಲ್ಲಿ

ಹೊಸಬರ ಫ್ಲೈಗಳಲ್ಲಿ ಎದ್ದು ಕಾಣುವ ದೋಷ ಗಾಳದ ಕಣ್ಣು ಮುಚ್ಚಿಹೋಗಿರುವುದು. ಜಾಗ ಉಳಿಸದೆ ಶೆನಿಲ್ ಸುತ್ತಿದರೆ ತಲೆ ಕಣ್ಣಿನ ಮೇಲೇರುತ್ತದೆ, ಹೊಳೆಯ ದಡದಲ್ಲಿ ದಾರ ಪೋಣಿಸಲು ಆಗುವುದಿಲ್ಲ. ಎರಡನೆಯದು, ಮೈ ಹಿಡಿದು ತಿರುಗಿಸಿದರೆ ಗಾಳದ ಮೇಲೆ ಗಿರ‍್ರನೆ ತಿರುಗುವುದು. ಅದು ಕೆಳಗಿನ ನೂಲಿನ ಹಾಸು ಸಡಿಲವಿದ್ದುದರ ಫಲ. ನೂಲು ಎಷ್ಟು ಬಿಗಿ ತಾಳುತ್ತದೆಂದು ತಿಳಿಯಲು ಬರಿಯ ಗಾಳಕ್ಕೆ ಸುತ್ತಿ, ತುಂಡಾಗುವವರೆಗೆ ಬೇಕೆಂದೇ ಎಳೆದು ನೋಡಿ. ತುಂಡಾಗುವ ಮುನ್ನಿನ ಆ ಬಿಗಿ ಕೈಗೆ ಗೊತ್ತಾಗಬೇಕು. ಕಟ್ಟಿ ಮುಗಿದ ಫ್ಲೈಯನ್ನು ಬಕೆಟ್ ನೀರಿನಲ್ಲಿ ಎಳೆದಾಡಿ: ಬಾಲ ಮುದುಡಿ, ಅರಳಿ, ಮತ್ತೆ ಮುದುಡಬೇಕು.

ನೀರಿಗಿಳಿಯುವ ಮುನ್ನ ಅನುಮತಿ ವಿಚಾರಿಸಿ. ಕಾವೇರಿ ವನ್ಯಜೀವಿ ಧಾಮದೊಳಗೆ ಗಾಳ ಹಾಕುವಂತಿಲ್ಲ. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಗಂಭೀರ ವರ್ಗದಲ್ಲಿದೆ, ಸಿಕ್ಕರೆ ನೀರಿನಲ್ಲೇ ಗಾಳ ಬಿಡಿಸಿ ಕಳಿಸಬೇಕು. ಹಿಮಾಚಲದಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ನವೆಂಬರ್‌ನಿಂದ ಫೆಬ್ರುವರಿವರೆಗೆ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ.

ವೂಲಿ ಬಗರ್ ಕೈಗೆ ಹತ್ತಿದ ಮೇಲೆ ಸಾಯರ್‌ನ ಫೆಸೆಂಟ್ ಟೇಲ್ ಕಟ್ಟಿ, 14ನೇ ನಂಬರಿನ ಗಾಳಕ್ಕೆ. ತೇಲುವ ಫ್ಲೈಗಳನ್ನು ಅದರ ನಂತರ ನೋಡಿಕೊಳ್ಳಬಹುದು. ಅವಕ್ಕೆ ಗಾಳಿ ತುಂಬಿದ ಟೊಳ್ಳು ಕೂದಲು, ಗಟ್ಟಿ ಎಳೆಯ ಕೊರಳಿನ ಗರಿ, ಕೂದಲಿನ ತುದಿಗಳನ್ನು ಸಮ ಮಾಡುವ ಸ್ಟ್ಯಾಕರ್ ಬೇಕಾಗುತ್ತವೆ. ಆ ಖರ್ಚು ಈಗಲೇ ಬೇಡ.