ಕಂಪ್ಯೂಟರ್ ತಾನಾಗಿಯೇ ಆಫ್ ಆಗುತ್ತಿದೆಯೇ?

ಬೆಂಗಳೂರಿನ ಸಿಂಗಾಪುರ, ವಿದ್ಯಾರಣ್ಯಪುರದ ಕಡೆ ಮನೆಯಿಂದಲೇ ಕೆಲಸ ಮಾಡುವವರೇ, ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆದರೆ ವೈರಸ್ ಎಂದು ಹೆದರಿ ವಿಂಡೋಸ್ ಮತ್ತೆ ಹಾಕಿಸಲು ಓಡಬೇಡಿ.

ಕರೆಂಟ್ ಹೋದ ಗಳಿಗೆಯಲ್ಲೇ ಹೀಗಾಗುತ್ತಿದ್ದರೆ ಇನ್ವರ್ಟರ್ ನೋಡಿ. ಅದರ ಸ್ವಿಚ್ ‘ಯುಪಿಎಸ್’ ಮೋಡಿನಲ್ಲಿರಲಿ. ಇನ್ನೊಂದು ಮೋಡಿನಲ್ಲಿ ಬ್ಯಾಟರಿಗೆ ಬದಲಾಗುವುದು ನಿಧಾನ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ; ಆದರೆ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ, ಪೂರ್ತಿ ಲೋಡಿನಲ್ಲಿರುವ ಎಸ್‌ಎಂಪಿಎಸ್ 20 ಮಿಲಿಸೆಕೆಂಡ್ ತಡೆದರೆ ಹೆಚ್ಚು.

ಕರೆಂಟ್ ಇದ್ದಾಗಲೇ, ಅದೂ ವಿಡಿಯೋ ಎಡಿಟಿಂಗ್ ನಡುವೆ ಆಫ್ ಆದರೆ? ಧೂಳು ತೆಗೆಸಿ, ಕೇಬಲ್ ಬದಲಿಸಿ, ಸ್ಪೈಕ್ ಬಸ್ಟರ್ ಬಿಟ್ಟು ಗೋಡೆಯ ಸಾಕೆಟ್ಟಿಗೇ ಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ ಬೇರೆ ಎಸ್‌ಎಂಪಿಎಸ್ ಹಾಕಿಸಿ ಪರೀಕ್ಷಿಸಿ. ಹಳೆಯದನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು. ಎಸ್.ಪಿ. ರಸ್ತೆಯಲ್ಲಿ ಹೊಸದು ಕೊಳ್ಳುವಾಗ ವಾರಂಟಿ, ಬಿಲ್ಲು ಎರಡನ್ನೂ ಕೇಳಿ ಪಡೆಯಿರಿ.